ಪೇರಲ ಹಣ್ಣಿಗೆ ದಾರದ ಚೀಲ: ಕಣಜ ತಡೆಯಲು, ಜೇನು ಉಳಿಸಲು

ದಾವಣಗೆರೆಯಲ್ಲಿ ಮನೆಯ ಹಿತ್ತಿಲಲ್ಲಿ ಪೇರಲ, ದಾಳಿಂಬೆ, ನಿಂಬೆ ಬೆಳೆಸಿಕೊಂಡವರಿಗೆ ಹಣ್ಣು ಮಾಗುವ ಕಾಲದಲ್ಲಿ ಒಂದು ತೊಂದರೆ ತಪ್ಪಿದ್ದಲ್ಲ. ಕಣಜದ ಹುಳುಗಳೂ ಜೇನುನೊಣಗಳೂ ಹಣ್ಣಿಗೆ ಮುತ್ತಿಕೊಳ್ಳುತ್ತವೆ, ಮಕ್ಕಳು ಮರದ ಬಳಿ ಸುಳಿಯಲು ಹೆದರುತ್ತಾರೆ. ಆಗ ಹಲವರು ಕೀಟನಾಶಕ ಸಿಂಪಡಿಸುತ್ತಾರೆ, ಇನ್ನು ಕೆಲವರು ಗೂಡಿಗೇ ಬೆಂಕಿ ಇಡುತ್ತಾರೆ. ಈ ಎರಡನ್ನೂ ಬಿಟ್ಟು ನಾನು ಬಳಸುತ್ತಿರುವುದು ಕೃಷಿ ಪರಿಕರಗಳ ಅಂಗಡಿಗಳಲ್ಲಿ ಸಿಗುವ, ಬಾಯಿಗೆ ಎಳೆದು ಕಟ್ಟುವ ದಾರವಿರುವ, ತೆಳುವಾದ ನಾನ್‌ವೋವನ್ (ನೇಯದೆ, ನೂಲನ್ನು ಒತ್ತಿ ಮಾಡಿದ) ಬಟ್ಟೆಯ ಹಣ್ಣಿನ ಚೀಲಗಳನ್ನು. ಚೀಲವೊಂದಕ್ಕೆ ಕೆಲವೇ ರೂಪಾಯಿ ಬೀಳುತ್ತದೆ. ಮನೆಬಳಕೆಯ ಮರಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಚೀಲದ ಉಪಯೋಗ ತಿಳಿಯಬೇಕಾದರೆ, ಹಣ್ಣನ್ನು ಮೊದಲು ಕೆಡಿಸುವವರು ಯಾರು ಎಂಬುದನ್ನು ನೋಡಬೇಕು. ಜೇನುನೊಣದ ಬಾಯಿಗೆ ಗಟ್ಟಿ ಸಿಪ್ಪೆಯ ಹಣ್ಣನ್ನು ಸೀಳುವ ಶಕ್ತಿಯಿಲ್ಲ. ಗಿಳಿ, ಅಳಿಲು, ಬಾವಲಿಗಳು ಕಚ್ಚಿಬಿಟ್ಟ ಅಥವಾ ತಾನಾಗಿ ಬಿರಿದ ಹಣ್ಣಿನ ರಸಕ್ಕಷ್ಟೇ ಅದು ಬರುತ್ತದೆ. ಕಣಜದ ದವಡೆ ಬಲವಾಗಿರುವುದರಿಂದ ದ್ರಾಕ್ಷಿಯಂತಹ ತೆಳುಸಿಪ್ಪೆಯ ಹಣ್ಣನ್ನೂ ಚೆನ್ನಾಗಿ ಮಾಗಿದ ಪೇರಲವನ್ನೂ ಅದು ತಾನೇ ಕೊರೆಯಬಲ್ಲದು, ಆದರೂ ಅದಕ್ಕೆ ಸುಲಭವಾದದ್ದು ಮೊದಲೇ ಗಾಯವಾದ ಹಣ್ಣೇ. ಇವರೆಲ್ಲರಿಗಿಂತ ಮೊದಲು ಬರುವುದು ಹಣ್ಣುನೊಣ. ಅದು ಬಲಿಯುತ್ತಿರುವ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆಯಿಡುತ್ತದೆ, ಮರಿಹುಳುಗಳು ತಿರುಳನ್ನು ತಿಂದಂತೆ ಹಣ್ಣು ಕೊಳೆತು ಉದುರುತ್ತದೆ, ಆ ಕೊಳೆತ ವಾಸನೆ ಕಣಜಗಳನ್ನು ಕರೆತರುತ್ತದೆ. ಚೀಲವು ಈ ಸರಣಿಯನ್ನು ಮೊದಲ ಹಂತದಲ್ಲೇ ಕಡಿಯುತ್ತದೆ.

ಆದ್ದರಿಂದ ಚೀಲ ಕಟ್ಟುವ ಸಮಯವೇ ಮುಖ್ಯ. ಹೂವಿಗೆ ಎಂದೂ ಕಟ್ಟಬಾರದು. ಪೇರಲದ ಹೂವು ನಸುಕಿನಲ್ಲಿ ಅರಳುತ್ತದೆ, ತುಡುವೆ ಜೇನು, ಕೋಲುಜೇನುಗಳು ಬೆಳಗಿನ ಹೊತ್ತಿಗೇ ಪರಾಗಕ್ಕೆ ಬರುತ್ತವೆ, ಕಾಯಿ ಹೆಚ್ಚು ಕಚ್ಚುವುದು ಅವುಗಳ ಓಡಾಟದಿಂದ. ಹೂವಿನ ಕಾಲದಲ್ಲಿ ಔಷಧಿ ಸಿಂಪಡಿಸಿದವರು ತಮ್ಮ ಫಸಲನ್ನು ತಾವೇ ಕಳೆದುಕೊಳ್ಳುತ್ತಾರೆ ಎಂದು ನಾನು ನೆರೆಹೊರೆಯವರಿಗೆ ಮತ್ತೆ ಮತ್ತೆ ಹೇಳುತ್ತೇನೆ. ದಳ ಉದುರಿ ಕಾಯಿ ನಿಂತು ನಿಂಬೆಯಷ್ಟು ಗಾತ್ರಕ್ಕೆ ಬರುತ್ತಿದ್ದಂತೆ, ಕಲೆಯಿಲ್ಲದ ಕಾಯಿಗಳನ್ನಷ್ಟೇ ಆರಿಸಿ, ಒಣಗಿದ ದಿನ ನೋಡಿ ಕಟ್ಟಬೇಕು. ತಡಮಾಡಿದರೆ ಹಣ್ಣುನೊಣ ಮೊಟ್ಟೆಯಿಟ್ಟಿರುವ ಕಾಯಿಗೇ ಚೀಲ ತೊಡಿಸಿದಂತಾಗುತ್ತದೆ, ಹೊರಗಿನಿಂದ ಚೆನ್ನಾಗಿ ಕಾಣುವ ಹಣ್ಣಿನೊಳಗೆ ಹುಳುವಿರುತ್ತದೆ.

ಕೊರತೆಗಳೂ ಇವೆ. ಅಗ್ಗದ ಚೀಲಗಳ ದಾರ ಗಾಳಿಗೆ ಸಡಿಲವಾಗುತ್ತದೆ, ತೊಟ್ಟಿನ ಬಳಿ ಕಿರುಬೆರಳಿನಷ್ಟು ಸಂದು ಉಳಿದರೂ ಕಣಜ ಒಳಹೊಕ್ಕು ಹಣ್ಣನ್ನು ಟೊಳ್ಳು ಮಾಡುತ್ತದೆ. ಕಟ್ಟುವ ಮುನ್ನ ಕಾಯಿಯ ಮೇಲೆ ರಸ ಹೀರುವ ಬಿಳಿ ಹಿಟ್ಟುತಿಗಣೆ ಇದ್ದರೆ, ಅದರ ಶತ್ರುಗಳಾದ ಗುಲಗಂಜಿ ಹುಳುಗಳು ಒಳಗೆ ಬರಲಾರದ ಕಾರಣ, ಚೀಲದಲ್ಲಿ ಅದು ನಿಶ್ಚಿಂತೆಯಿಂದ ಹೆಚ್ಚುತ್ತದೆ. ಆದುದರಿಂದ ಮೊದಲು ನೀರಿನಿಂದ ತೊಳೆದು ಒರೆಸುವುದು ಅಗತ್ಯ. ನಮ್ಮ ಬಿಸಿಲಿಗೆ ಬಟ್ಟೆ ಬೇಗ ಪುಡಿಯಾಗತೊಡಗುತ್ತದೆ. ಅದು ಮಣ್ಣಿನಲ್ಲಿ ಕರಗುವ ವಸ್ತುವಲ್ಲ, ಪ್ಲಾಸ್ಟಿಕ್ ನೂಲೇ, ಹಾಗಾಗಿ ಹರಿದವನ್ನು ಆಗಾಗ ಆಯ್ದು ತೆಗೆಯಬೇಕು. ಅಳಿಲಂತೂ ಚೀಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೊಡ್ಡ ಮರದ ತುದಿಯ ಕೊಂಬೆಗಳಿಗೆ ಕೈ ಎಟುಕದಿರುವುದರಿಂದ ಪ್ರತಿವರ್ಷ ಸವರಿ ತಗ್ಗಿಸಿದ ಮರಕ್ಕಷ್ಟೇ ಇದು ಹೊಂದುತ್ತದೆ.

ಇದರ ಬದಲು ಬೆಲ್ಲದ ನೀರು ತುಂಬಿದ ಬಾಟಲಿಯನ್ನು ತೂಗುಹಾಕುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಸಿಹಿಯ ಆಸೆಗೆ ಜೇನೂ ಅದರಲ್ಲಿ ಬಿದ್ದು ಸಾಯುತ್ತದೆ. ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ರಾಸಾಯನಿಕ ಹಾಕಿದ ಮೋಹಕ ಬಲೆಯದು ಬೇರೆ ಮಾತು. ಅದು ಸೆಳೆಯುವುದು ಗಂಡು ಹಣ್ಣುನೊಣಗಳನ್ನು, ಆದ್ದರಿಂದ ಚೀಲದ ಜೊತೆಗೆ ಅದನ್ನು ಬಳಸಬಹುದು. ಉದುರಿದ ಹಣ್ಣುಗಳನ್ನು ದಿನವೂ ಆಯ್ದು ಆಳವಾಗಿ ಹೂಳದಿದ್ದರೆ ಚೀಲವೂ ಬಲೆಯೂ ವ್ಯರ್ಥ.

ಕಣಜದ ಗೂಡು ಗೋಡೆಯ ಮೂಲೆಯಲ್ಲಿ, ಜನ ಓಡಾಡದ ಕಡೆ ಇದ್ದರೆ ಬಿಟ್ಟುಬಿಡುವುದು ಲೇಸು. ನಿಂಬೆಗಿಡದ ಎಲೆ ತಿನ್ನುವ ಹುಳುಗಳನ್ನು ಅವು ಹಿಡಿದು ತಮ್ಮ ಮರಿಗಳಿಗೆ ಒಯ್ಯುತ್ತವೆ. ಬಾಗಿಲ ಬಳಿಯ ಗೂಡು, ಹೆಜ್ಜೇನಿನ ತಟ್ಟಿ ಇವೆಲ್ಲ ಚೀಲದಿಂದ ಬಗೆಹರಿಯುವ ಸಂಗತಿಗಳಲ್ಲ, ಅಲ್ಲಿ ಅನುಭವಸ್ಥರನ್ನೇ ಕರೆಸಬೇಕು.

ಕೊಳ್ಳುವವರು ಪೂರ್ತಿ ಬೆಳೆದ ಹಣ್ಣಿಗಿಂತ ಎರಡು ಬೆರಳು ಸಡಿಲವಾಗಿರುವ ಅಳತೆಯನ್ನೂ, ಎರಡೂ ಬದಿಯಿಂದ ಎಳೆಯುವ ದಾರವಿರುವುದನ್ನೂ ಕೇಳಿ ಪಡೆಯಲಿ. ಒಂದೇ ಬದಿಯ ದಾರದ ಚೀಲ ಇನ್ನಷ್ಟು ಅಗ್ಗವೆಂದು ಅಂಗಡಿಯವರು ತೋರಿಸಿದರೂ ಬೇಡವೆನ್ನಿ, ತೊಟ್ಟಿನ ಬಳಿ ಸಂದು ಬಿಡುವುದು ಅದೇ.