ಒಂದೇ ಉಯಿಲು, ಎರಡು ಬಂಗಲೆ

ಜಾನ್ ವಿಲ್ಲಾರ್ಡ್ ಬರೆದ 1922ರ ನಾಟಕ ‘ದಿ ಕ್ಯಾಟ್ ಅಂಡ್ ದಿ ಕ್ಯಾನರಿ’. ಅದನ್ನು 1927ರಲ್ಲಿ ಯೂನಿವರ್ಸಲ್ ಸ್ಟುಡಿಯೊ ಮೂಕಿ ಚಿತ್ರವಾಗಿ ತೆಗೆಯಿತು. 1939ರಲ್ಲಿ ಪ್ಯಾರಾಮೌಂಟ್‌ನವರು ಟಾಕಿ ಮಾಡಿದರು. ಶನಿವಾರ ರಾತ್ರಿ ಮೂಕಿ, ಭಾನುವಾರ ಟಾಕಿ. ಲೈಟ್ ಆರಿಸಿ ನಾನೂ ತಂಗಿಯೂ ನೋಡಿದೆವು.

ಸಾಹುಕಾರ ಸತ್ತು ಎಷ್ಟೋ ವರ್ಷ ಆದ ಮೇಲೆ ಅವನ ಉಯಿಲು ಓದುತ್ತಾರೆ. ಅದನ್ನು ಕೇಳಲು ನೆಂಟರೆಲ್ಲ ರಾತ್ರಿ ಹಾಳು ಬಂಗಲೆಗೆ ಬಂದಿರುತ್ತಾರೆ. ಆಸ್ತಿಯೆಲ್ಲ ಒಬ್ಬ ಹುಡುಗಿಗೆ. ಅವಳ ತಲೆ ಕೆಟ್ಟರೆ ಮಾತ್ರ ಬೇರೆಯವರಿಗೆ. ಇನ್ನು ಅವಳನ್ನು ಸುಮ್ನೆ ಬಿಡುತ್ತಾರಾ?

ಟಾಕಿಯಲ್ಲಿ ಹಾಸ್ಯನಟ ಬಾಬ್ ಹೋಪ್ ಇದ್ದಾನೆ. ದೊಡ್ಡ ಖಾಲಿ ಮನೆ ಭಯ ಅಲ್ವಾ ಅಂದರೆ, ಸ್ಟೇಜ್ ಮೇಲಿದ್ದವನಿಗೆ ಖಾಲಿ ಹಾಲ್ ಅಭ್ಯಾಸ ಅನ್ನುವ ಅರ್ಥದಲ್ಲಿ ಜೋಕ್ ಹೊಡೆಯುತ್ತಾನೆ. ನಗು ಬರುತ್ತದೆ. ಆದರೆ ನಕ್ಕ ಕೂಡಲೇ ಹೆದರಿಕೆ ಇಳಿದುಹೋಗುತ್ತದೆ. ಮನೆಗೆಲಸದವಳಾಗಿ ಗೇಲ್ ಸೊಂಡರ್‌ಗಾರ್ಡ್ ಸುಮ್ಮನೆ ನಿಂತರೂ ಸಾಕು, ಅವಳೇ ಆ ಸಿನಿಮಾದ ಅರ್ಧ ದೆವ್ವ.

ಮೂಕಿಯನ್ನು ನಿರ್ದೇಶಿಸಿದವನು ಜರ್ಮನಿಯಿಂದ ಬಂದ ಪಾಲ್ ಲೆನಿ. ಜೇಡರ ಬಲೆಯನ್ನು ಒಂದು ಕೈ ಒರೆಸುತ್ತದೆ, ಸಿನಿಮಾದ ಹೆಸರು ಕಾಣುತ್ತದೆ. ಅಲ್ಲಿಂದಲೇ ಆಟ ಶುರು. ಉದ್ದ ಓಣಿ, ಅದರ ತುಂಬ ಗಾಳಿಗೆ ಹಾರುವ ಪರದೆಗಳು. ಹೆದರಿದವರ ಮಾತು ಬರೆದು ತೋರಿಸುವಾಗ ಅಕ್ಷರಗಳೂ ನಡುಗುತ್ತವೆ. ನಾವು ನೋಡಿದ ಪ್ರತಿಗೆ ಯಾರೋ ಸೇರಿಸಿದ್ದ ಸಂಗೀತ ಕಿರಿಕಿರಿ ಅನಿಸಿ ಮ್ಯೂಟ್ ಮಾಡಿದೆ. ಆಮೇಲೆ ನಮ್ಮ ಮನೆಯ ಫ್ಯಾನ್ ಸದ್ದೇ ಜಾಸ್ತಿ ಭಯ ಹುಟ್ಟಿಸಿತು!

ಎರಡರಲ್ಲೂ ಉಯಿಲು ಓದಿದ ವಕೀಲ ಮಾಯವಾಗುವ ದೃಶ್ಯವಿದೆ. ಮೂಕಿಯಲ್ಲಿ ಹುಡುಗಿ ಆ ಕಡೆ ತಿರುಗಿ ಏನೋ ಓದುತ್ತಿದ್ದಾಳೆ. ಹಿಂದೆ ಗೋಡೆ ತೆರೆದುಕೊಳ್ಳುತ್ತದೆ, ಒಂದು ಕೈ ಬರುತ್ತದೆ. ಅವಳು ತಿರುಗಿದರೆ ಯಾರೂ ಇಲ್ಲ. ಪಾಪ, ಅವಳ ಪೆಚ್ಚು ಮುಖಕ್ಕೆ ನಗು ಬಂತು, ಆದರೆ ಗಂಟಲಲ್ಲೇ ನಿಂತಿತು. ಟಾಕಿಯಲ್ಲಿ ಇದೇ ದೃಶ್ಯ ಚುರುಕಾಗಿದೆ, ಅಷ್ಟೆ.

ಮಕ್ಕಳ ಜೊತೆ ನೋಡುವುದಾದರೆ 1939ರದ್ದೇ ಸರಿ, ಓದುವ ಕಷ್ಟವಿಲ್ಲ. ಮೂಕಿಯ ನಾಯಕ ಕ್ರೈಟನ್ ಹೇಲ್ ಕನ್ನಡಕ ಹಾಕಿಕೊಂಡು ಪದೇ ಪದೇ ಬೆಚ್ಚಿಬೀಳುವುದು ನನಗೂ ಸ್ವಲ್ಪ ಅತಿ ಅನಿಸಿತು.

ತಂಗಿಯ ವೋಟು ಬಾಬ್ ಹೋಪ್‌ಗೆ. ಆದರೆ ಅಡುಗೆಮನೆಗೆ ಹೋಗಿ ನೀರು ಕುಡಿಯಲು ಅವಳು ನನ್ನನ್ನು ಎಬ್ಬಿಸಿದ್ದು ಶನಿವಾರ ರಾತ್ರಿ.