ಗಾಯಗೊಂಡ ಲೆದರ್ ಕೋರಲ್: ಅಯೋಡಿನ್ನಾ, ಬ್ಲೇಡಾ, ಸುಮ್ನೆ ಬಿಡೋದಾ?

ಲೆದರ್ ಕೋರಲ್ ಅಂದರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಒಂದು ಮೆತ್ತನೆ ಹವಳ. ಅದಕ್ಕೆ ಏಟು ಬಿದ್ದರೆ ಒಬ್ಬರು ಅಯೋಡಿನ್ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಬ್ಲೇಡ್ ತಗೊಳ್ಳಿ ಅನ್ನುತ್ತಾರೆ, ಮತ್ತೊಬ್ಬರು ಕೈ ಹಾಕಲೇಬೇಡಿ ಅನ್ನುತ್ತಾರೆ. ನನ್ನ ಟ್ಯಾಂಕಿನಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ. ಯಾವುದು ಮೇಲು ಅನ್ನೋದು ಗಾಯ ಹರಿದದ್ದಾ, ಕೊಳೆತದ್ದಾ ಅನ್ನುವುದರ ಮೇಲಿದೆ.

ಕಲ್ಲು ಉರುಳಿ ಹವಳದ ಅಣಬೆಯಂಥ ಟೋಪಿಯ ಅಂಚು ಹರಿದಾಗ ಸುಮ್ನೆ ಬಿಟ್ಟೆ. ಮಾಡಿದ್ದು ಇಷ್ಟೇ: ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪು) ತಿರುಗಿಸಿ, ನೀರು ಗಾಯದ ಮೇಲೆ ಹಾಯುವ ಹಾಗೆ, ಆದರೆ ನೇರ ಬಡಿಯದ ಹಾಗೆ ಇಟ್ಟೆ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ನೀರು 25–26 ಡಿಗ್ರಿ, ಎರಡೂ ಏರುಪೇರಾಗದಂತೆ ನೋಡಿಕೊಂಡೆ. ಈ ಹವಳಕ್ಕೆ ಕಲ್ಲಿನಂಥ ಗೂಡಿಲ್ಲ, ಮೈಯೊಳಗೆ ಸುಣ್ಣದ ಚೂರುಗಳಷ್ಟೇ. ಹರಿದ ಅಂಚು ತಾನಾಗಿಯೇ ಮುದುಡಿ ಕೂಡಿಕೊಂಡಿತು. ಈ ನಡುವೆ ಮೈಮೇಲಿನ ಪುಟ್ಟ ಹೂವಿನಂಥ ಪಾಲಿಪ್‌ಗಳೆಲ್ಲ ಒಳಗೆ ಹೋಗಿ, ಮೈಮೇಲೆ ಮೇಣದಂಥ ಹೊಳಪಿನ ಪೊರೆ ಬಂತು. ನೋಡಿದರೆ ಸತ್ತೇ ಹೋಯ್ತು ಅನಿಸುತ್ತದೆ. ಗಾಬರಿ ಬೇಡ, ಪೊರೆ ಬಿಡುವುದು ಲೆದರ್‌ಗೆ ಮಾಮೂಲಿ. ಹರಿವು ಚೆನ್ನಾಗಿದ್ದರೆ ಹಾಳೆ ಹಾಳೆಯಾಗಿ ಕಳಚುತ್ತದೆ. ಇಲ್ಲದಿದ್ದರೆ ಅಲ್ಲೇ ಪಾಚಿ, ಕೊಳೆ ಕೂರುತ್ತದೆ.

ಇಂಥದ್ದೇ ಇನ್ನೊಂದು ಗಾಯಕ್ಕೆ ಲೂಗಾಲ್ಸ್ ಅನ್ನುವ ಅಯೋಡಿನ್ ದ್ರಾವಣ ಹಾಕಿದೆ. ಬಕೆಟ್ಟಿನಲ್ಲಿ ಟ್ಯಾಂಕಿನದೇ ನೀರು, ತೆಳು ಟೀ ಬಣ್ಣ ಬರುವಷ್ಟು ಹನಿ, 10 ನಿಮಿಷದ ಸ್ನಾನ. ಲಾಭವೇನೂ ಕಾಣಲಿಲ್ಲ. ಪಾಲಿಪ್ ತೆರೆಯೋದು ಮಾತ್ರ ಇನ್ನೂ ತಡವಾಯಿತು.

ಬುಡ ಕೊಳೆತರೆ ಕತೆಯೇ ಬೇರೆ. ಕಂದು ಲೋಳೆ, ಮುಟ್ಟಿದರೆ ಪುಡಿಯಾಗುವ ಮಾಂಸ, ಮೂಗು ಮುಚ್ಚಿಕೊಳ್ಳುವ ವಾಸನೆ. ಇಲ್ಲಿ ಕಾಯುತ್ತಾ ಕೂತರೆ ಹವಳ ಉಳಿಯುವುದಿಲ್ಲ. ಬರೀ ಅಯೋಡಿನ್ ಸ್ನಾನಕ್ಕೂ ಕೊಳೆ ನಿಲ್ಲಲಿಲ್ಲ. ನಿಲ್ಲಿಸಿದ್ದು ಬ್ಲೇಡ್. ಕೊಳೆತ ಭಾಗದ ಜೊತೆ ಒಂದಿಷ್ಟು ಒಳ್ಳೆ ಮಾಂಸವನ್ನೂ ಸೇರಿಸಿ ಕತ್ತರಿಸಬೇಕು. ಕತ್ತರಿಸಿದ ಮುಖ ಒಂದೇ ಬಣ್ಣದಲ್ಲಿ, ಗಟ್ಟಿಯಾಗಿರಬೇಕು. ಕಂದು ಗೆರೆ ಕಂಡರೆ ಇನ್ನೂ ಸ್ವಲ್ಪ ಮೇಲೆ ಕತ್ತರಿಸಿ. ಆಮೇಲೆ ಅಯೋಡಿನ್ ಸ್ನಾನ ಮಾಡಿಸಿ, ಅದಕ್ಕೆ ಸರಿಯಾದ ಜಾಗ ಇದೇ.

ಉಳಿದ ಟೋಪಿಯನ್ನು ಕಲ್ಲಿಗೆ ಕೂರಿಸೋದೇ ದೊಡ್ಡ ತಲೆನೋವು. ಸೂಪರ್‌ಗ್ಲೂ ಜೆಲ್ ಗಟ್ಟಿ ಹವಳಕ್ಕೆ ಚೆನ್ನ. ಲೆದರ್ ಲೋಳೆ ಬಿಡುತ್ತದಲ್ವಾ, ಅಂಟು ಚಕ್ಕೆಯಾಗಿ ಎದ್ದು ಬರುತ್ತದೆ. ಟೂತ್‌ಪಿಕ್ ಚುಚ್ಚಿ, ಅದರ ಎರಡು ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಕಲ್ಲಿಗೆ ಕಟ್ಟಿದ್ದು ನಿಂತಿತು. ಬಿಗಿ ಜಾಸ್ತಿಯಾದರೆ ರಬ್ಬರ್ರೇ ಮಾಂಸವನ್ನು ಕೊಯ್ಯುತ್ತದೆ, ಸಡಿಲವಾಗಿರಲಿ.

ಕತ್ತರಿಸೋದು ಟ್ಯಾಂಕಿನ ಹೊರಗೆ, ಗ್ಲೌಸ್ ಹಾಕಿಕೊಂಡು. ಗಾಯಗೊಂಡ ಲೆದರ್ ನೀರಿಗೆ ವಿಷ ಬಿಡುತ್ತದೆ, ಪಕ್ಕದ ಗಟ್ಟಿ ಹವಳಗಳು ಮುನಿಸಿಕೊಳ್ಳುತ್ತವೆ. ದುಬಾರಿ ಡಿಪ್ (ಹವಳ ಅದ್ದುವ ಔಷಧಿ) ಬಾಟಲಿಗೆ ಸುರಿಯೋ ದುಡ್ಡಲ್ಲಿ ಈ ವಿಷ ಹೀರಿಕೊಳ್ಳೋಕೆ ಒಳ್ಳೆ ಆಕ್ಟಿವೇಟೆಡ್ ಕಾರ್ಬನ್ ತಂದು ಫಿಲ್ಟರಿಗೆ ಹಾಕಿ.