ಮನೆ ಪ್ಲಾನ್ ಬರೆಯೋಕೆ ಆಟೋಕ್ಯಾಡ್ ಎಲ್‌ಟಿ ಸಾಕಾ?

ಧಾರಾಳವಾಗಿ ಸಾಕು. ಎಲ್‌ಟಿ ಅಂದರೆ ಕಂಪ್ಯೂಟರಲ್ಲಿ ನಕ್ಷೆ ಬರೆಯೋ ಆಟೋಕ್ಯಾಡ್ ಸಾಫ್ಟ್‌ವೇರಿನ ಟೂಡಿ ಮಾತ್ರ ಇರುವ ಚಿಕ್ಕ ರೂಪ. ಶಿವಮೊಗ್ಗದಂಥ ಊರಲ್ಲಿ ಮನೆ ಪ್ಲಾನ್, ಮಂಜೂರಾತಿಗೆ ಕೊಡೋ ಸ್ಯಾಂಕ್ಷನ್ ಡ್ರಾಯಿಂಗ್, ಮೇಸ್ತ್ರಿ ಕೈಗೆ ಕೊಡೋ ವರ್ಕಿಂಗ್ ಡ್ರಾಯಿಂಗ್ ಮಾಡೋರಿಗೆ ತ್ರೀಡಿ ಇರುವ ದೊಡ್ಡ ಆಟೋಕ್ಯಾಡ್ ಬೇಕಿಲ್ಲ. ನಾನು ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಓದಿದವಳು, ಈಗ ಇಂಜಿನಿಯರ್ ಆಫೀಸೊಂದರಲ್ಲಿ ಎಲ್‌ಟಿ ಮುಂದೆಯೇ ಕೂತಿರ್ತೀನಿ. ಟೇಪಲ್ಲಿ ಅಳೆದ ಅಳತೆ ಹಾಗೇ ಗೆರೆಯಾಗಿ ಬೀಳಬೇಕು, ನಾನು ಸಾಫ್ಟ್‌ವೇರನ್ನು ತೂಗೋದು ಅದರ ಮೇಲೆ.

ಅಳತೆಯ ಮಾನ ಆರಿಸೋ ಯೂನಿಟ್ಸ್‌ನಲ್ಲಿ ಆರ್ಕಿಟೆಕ್ಚರಲ್ ಆರಿಸಿಕೊಂಡರೆ ಅಡಿ-ಇಂಚಿನ ಲೆಕ್ಕ ನಮ್ಮ ಬಾಯಲ್ಲಿ ಬರೋ ಹಾಗೇ ಬರುತ್ತೆ. ಹತ್ತೂವರೆ ಅಡಿಗೆ 10'6 ಹೊಡೆದರಾಯ್ತು, ಇಂಚಿನ ಗುರುತು ಹಾಕೋದೂ ಬೇಡ. ನಾಲ್ಕೂವರೆ ಇಂಚಿನ ಗೋಡೆಗೆ 4-1/2. ನಡುವೆ ಸ್ಪೇಸ್ ಮಾತ್ರ ಬಿಡಬೇಡಿ, ಇಲ್ಲಿ ಸ್ಪೇಸ್ ಅಂದರೆ ಎಂಟರ್ ಒತ್ತಿದ ಹಾಗೆ. 30×40 ಸೈಟು ಬರೆಯೋಕೆ ಲೈನ್ ಕಮಾಂಡ್ ತಗೊಂಡು 0,0 ಕೊಟ್ಟು, ಆಮೇಲೆ @30',0 ನಂತರ @0,40' ನಂತರ @-30',0 ಕೊನೆಗೆ ಕ್ಲೋಸ್. @ ಅಂದರೆ ಹಿಂದಿನ ಬಿಂದುವಿನಿಂದ ಲೆಕ್ಕ ಅಂತ; ಕಾಮಾದ ಮೊದಲಿನದು ಅಡ್ಡ ಅಳತೆ, ಆಮೇಲಿನದು ಉದ್ದ ಅಳತೆ. ಒಳಗೋಡೆಗಳಿಗೆ ನಾನು ಎಫ್8 ಒತ್ತಿ ಆರ್ಥೋ ಹಾಕಿಕೊಳ್ತೀನಿ, ಆಗ ಗೆರೆ ನೆಟ್ಟಗೆ ಅಡ್ಡಕ್ಕೆ ಇಲ್ಲವೇ ಉದ್ದಕ್ಕೆ ಮಾತ್ರ ಹೋಗುತ್ತೆ. ಮೌಸ್ ಹೋಗಬೇಕಾದ ದಿಕ್ಕಿಗೆ ತಿರುಗಿಸಿ ಉದ್ದ ಹೊಡೆದರೆ ಸಾಕು.

ಇದರ ನಿಜವಾದ ಬೆಲೆ ಗೊತ್ತಾಗೋದು ಸೊಟ್ಟ ಸೈಟು ಬಂದಾಗ. ಓನರ್ ನಾಲ್ಕು ಬದಿಯ ಅಳತೆ ಚೀಟಿಯಲ್ಲಿ ಬರೆದು ತರ್ತಾರೆ: ಮುಂದೆ 30, ಎಡಕ್ಕೆ 40, ಬಲಕ್ಕೆ 42'6, ಹಿಂದೆ 31. ಇಷ್ಟರಿಂದ ಸೈಟಿನ ಆಕಾರ ನಿಲ್ಲೋದಿಲ್ಲ. ಅದೇ ನಾಲ್ಕು ಉದ್ದ ಇಟ್ಟುಕೊಂಡು ಮೂಲೆ ಎಷ್ಟು ಬೇಕಾದರೂ ವಾಲಬಹುದು. ಅದಕ್ಕೇ ಒಂದು ಕರ್ಣವನ್ನೂ ಅಳೆಸಿ ಅಂತ ನಾನು ಪಟ್ಟು ಹಿಡಿಯೋದು. ಮುಂದಿನ ಬಲಮೂಲೆಯಿಂದ ಹಿಂದಿನ ಎಡಮೂಲೆಗೆ 51'2 ಅಂತ ಸಿಕ್ಕಿತು ಅನ್ನಿ. ಮುಂದಿನ ಗೆರೆ ಎಳೆದು, ಎಡತುದಿಯಿಂದ 40', ಬಲತುದಿಯಿಂದ 51'2 ತ್ರಿಜ್ಯದ ಸರ್ಕಲ್ ಹಾಕಿ. ಹಿತ್ತಲ ಕಡೆ ಎರಡೂ ಕೂಡುವ ಜಾಗವೇ ಹಿಂದಿನ ಎಡಮೂಲೆ. ಅಲ್ಲಿಂದ 31', ಮುಂದಿನ ಬಲಮೂಲೆಯಿಂದ 42'6 ಹಾಕಿದರೆ ನಾಲ್ಕನೆಯದೂ ಸಿಗುತ್ತೆ. ಗೆರೆಗಳು ಕೂಡುವ ಬಿಂದುವನ್ನೇ ಹಿಡಿಯೋ ಇಂಟರ್‌ಸೆಕ್ಷನ್ ಸ್ನ್ಯಾಪ್ ಆನ್ ಇದ್ದರೆ ಮೂಲೆ ಕೂದಲೆಳೆಯಷ್ಟೂ ಆಚೀಚೆ ಆಗಲ್ಲ.

ಕರ್ಸರ್ ಪಕ್ಕದಲ್ಲೇ ಡಬ್ಬಿಗಳಲ್ಲಿ ಅಳತೆ ಹೊಡೆಯೋ ಡೈನಾಮಿಕ್ ಇನ್‌ಪುಟ್ ಬಗ್ಗೆ ಹೊಸಬರಿಗೆ ಹೇಳಲೇಬೇಕು. ಅದು ಆನ್ ಇದ್ದಾಗ ಎರಡನೇ ಬಿಂದುವಿನಿಂದ ಎಲ್ಲವೂ ಹಿಂದಿನ ಬಿಂದುವಿನಿಂದಲೇ ಲೆಕ್ಕ, @ ಹಾಕದಿದ್ದರೂ. ಮೂಲದಿಂದ, ಅಂದರೆ 0,0 ಬಿಂದುವಿನಿಂದ, ಲೆಕ್ಕ ಬೇಕಾದರೆ ಮುಂದೆ # ಹಾಕಬೇಕು. ಕೋನದ ಡಬ್ಬಿ 180 ಡಿಗ್ರಿಯವರೆಗೆ ಮಾತ್ರ ತೋರಿಸುತ್ತೆ. ನೆಟ್ಟಗೆ ಕೆಳಕ್ಕೆ ಎಳೆಯೋ ಗೆರೆಗೂ 90 ಅಂತಲೇ ಬರೋದರಿಂದ, ಕರ್ಸರ್ ಯಾವ ಕಡೆ ಇದೆ ಅಂತ ನೋಡಿಕೊಂಡೇ ಎಂಟರ್ ಒತ್ತಿ. ಈ ಏರ್ಪಾಡು ನನಗೆ ಒಗ್ಗಲ್ಲ. ಸರ್ವೆಯವರು ಟೋಟಲ್ ಸ್ಟೇಷನ್ ಅನ್ನೋ ಅಳತೆ ಯಂತ್ರದಿಂದ ಕೊಟ್ಟ ಅಂಕಿಗಳನ್ನು ಎಕ್ಸೆಲ್‌ನಿಂದ ತಂದು ಪೇಸ್ಟ್ ಮಾಡೋವಾಗ ಎಫ್12 ಒತ್ತಿ ಅದನ್ನು ಆಫ್ ಮಾಡಿಯೇ ಕೂರ್ತೀನಿ. ಒಂದಕ್ಕೊಂದು ಸೇರಿದ ಗೆರೆ ಎಳೆಯೋ ಪಾಲಿಲೈನ್ ಕಮಾಂಡ್ ಕೊಟ್ಟು ಎಕ್ಸ್,ವೈ ಸಾಲುಗಳನ್ನು ಒಟ್ಟಿಗೆ ಪೇಸ್ಟ್ ಮಾಡಿದರೆ ಇಡೀ ಬೌಂಡರಿ ಒಂದೇ ಸಲಕ್ಕೆ ಬಂದುಬಿಡುತ್ತೆ, ನೋಡೋಕೇ ಖುಷಿ.

2024ರ ಆವೃತ್ತಿಯಿಂದ ಎಲ್‌ಟಿಯಲ್ಲೂ ಆಟೋಲಿಸ್ಪ್ ಇದೆ, ಹಿಂದೆ ಇರಲಿಲ್ಲ. ಪದೇ ಪದೇ ಮಾಡೋ ಕೆಲಸಕ್ಕೆ ನಾವೇ ಚಿಕ್ಕ ಪ್ರೋಗ್ರಾಮ್ ಬರೆದುಕೊಳ್ಳೋ ಭಾಷೆ ಅದು.

ದುಡ್ಡಿನ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಿದೆ. ಒಮ್ಮೆ ಕೊಂಡು ಇಟ್ಟುಕೊಳ್ಳೋ ಲೈಸೆನ್ಸ್ ಮಾರೋದನ್ನು ಆಟೋಡೆಸ್ಕ್ ಕಂಪನಿಯವರು 2016ರಲ್ಲೇ ನಿಲ್ಲಿಸಿದರು, ಈಗ ಚಂದಾ ಕಟ್ಟುತ್ತಲೇ ಇರಬೇಕು. ಒಬ್ಬರೇ ಕೂತು ಕೆಲಸ ಮಾಡೋ ಸಣ್ಣ ಆಫೀಸಿಗೆ ಇದು ಭಾರ. ಅಂಥವರು ಪುಕ್ಕಟೆ ಸಿಗೋ ಲಿಬ್ರೆಕ್ಯಾಡ್ ನೋಡಬಹುದು, @ ಹಾಕಿ ಅಳತೆ ಕೊಡೋ ಕ್ರಮ ಅಲ್ಲೂ ಇದೇ. ಆದರೆ ಅದು ಆಟೋಕ್ಯಾಡ್‌ನ ಸ್ವಂತ ಫೈಲ್ ರೂಪವಾದ ಡಿಡಬ್ಲ್ಯೂಜಿಯಲ್ಲಿ ಸೇವ್ ಮಾಡಲ್ಲ, ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ನಕ್ಷೆ ಸಾಗಿಸೋ ಡಿಎಕ್ಸ್‌ಎಫ್ ಫೈಲ್ ಕೊಡುತ್ತೆ. ನಿಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಡಿಎಕ್ಸ್‌ಎಫ್ ತಗೊಳ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.